ಸೋಮವಾರದ ಕತ್ತಿ

ಆರು ಕತ್ತಿಗಳ ಕೆಲಸ ಮುಗಿದಿತ್ತು. ಏಳನೆಯದನ್ನು ಅವನು ಬೆಳಗಿನಿಂದ ಮುಟ್ಟಿರಲಿಲ್ಲ. ಮುಟ್ಟದೆ ಇರುವುದಕ್ಕೆ ಒಂದಲ್ಲ ಒಂದು ನೆಪ ಸಿಗುತ್ತಲೇ ಇತ್ತು: ಕಿಟಕಿಯ ಗಾಜು ಮಸುಕಾಗಿದೆ, ಒರೆಸಬೇಕು, ಸಾಣೆಕಲ್ಲು ಸರಿಯಾಗಿ ನೀರು ಕುಡಿದಿಲ್ಲ, ನೆನೆಯಲಿ, ತೊಗಲ ಪಟ್ಟಿಗೆ ಎಣ್ಣೆ ಸವರಿ ಎಷ್ಟು ದಿನವಾಯಿತೋ. ಹೀಗೆ ಒಂದೊಂದನ್ನೇ ಮಾಡಿ ಮುಗಿಸಿ, ಮಾಡಲು ಇನ್ನೇನೂ ಉಳಿಯದೆ, ಮೇಜಿನ ಮುಂದೆ ಕುಳಿತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಹಸಿರು ಉಣ್ಣೆ ಬಟ್ಟೆಯ ಮೇಲೆ ಏಳು ಕ್ಷೌರದ ಕತ್ತಿಗಳು ಅರ್ಧ ತೆರೆದು ಸಾಲಾಗಿ ಮಲಗಿದ್ದವು. ಮಡಿಸುವ ಹಳೆಯ ಕತ್ತಿಗಳು, ಕಪ್ಪು ಕೊಂಬಿನ ಹಿಡಿಯವು. ಒಂದೊಂದರ ಬೆನ್ನಿನ ಮೇಲೂ ವಾರದ ಒಂದೊಂದು ದಿನದ ಹೆಸರು ಕೆತ್ತಿದ್ದರು. ಒಂದು ದಿನ ದುಡಿದ ಉಕ್ಕು ಆರು ದಿನ ದಣಿವಾರಿಸಿಕೊಳ್ಳಲಿ ಎಂದು ಹಳಬರು ಮಾಡಿದ ಏರ್ಪಾಡು. ಉಕ್ಕಿಗೆ ದಣಿವಿದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ತನ್ನಂಥ ಏಳು ಜನರನ್ನು ಮಾಡಿ ಪೆಟ್ಟಿಗೆಯಲ್ಲಿಡುವ ಬುದ್ಧಿ ಯಾರಿಗೂ ಬರಲಿಲ್ಲವಲ್ಲ ಎಂದು ಮಾತ್ರ ಇತ್ತೀಚೆಗೆ ಅನ್ನಿಸುತ್ತಿತ್ತು. ಬೆಳಿಗ್ಗೆ ಎದ್ದಾಗಲೇ ಭುಜ ಸೋತಿರುತ್ತಿತ್ತು.

ಮಧ್ಯಾಹ್ನ ರೇಷ್ಮೆಯ ಹೆಂಡತಿ ಬರುವವಳಿದ್ದಳು. ರೇಷ್ಮೆ ಎಂದರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಕುರ್ಚಿಯ ಅಂಗಡಿ ಇಟ್ಟಿದ್ದ ಕ್ಷೌರಿಕ. ಅವನ ಕೈಗೆ ಗಲ್ಲ ಕೊಟ್ಟವರೆಲ್ಲ ಸೇರಿ ಇಟ್ಟ ಹೆಸರು ಅದು. ನಿಜವಾದ ಹೆಸರನ್ನು ಅಂಗಡಿಯ ಹಲಗೆಯೂ ಮರೆತಿತ್ತು. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡ, ತನ್ನ ಕುರ್ಚಿಯಲ್ಲಿ ತಾನೇ ಕುಳಿತು, ಗಿರಾಕಿಯನ್ನು ಕಾಯುತ್ತ, ಯಾರಿಗೂ ತೊಂದರೆ ಕೊಡದೆ. ಹೆಂಡತಿ ಆ ಕುರ್ಚಿಯನ್ನು ಮಾರಿದಳು, ನೀರು ಕಾಯಿಸುವ ಒಲೆಯನ್ನು ಮಾರಿದಳು, ಕನ್ನಡಿ ಗೋಡೆಗೆ ಕಚ್ಚಿಕೊಂಡಿತ್ತು, ಬಿಟ್ಟಳು. ಕೊನೆಗೆ ಹೋದ ವಾರ ಈ ಪೆಟ್ಟಿಗೆಯನ್ನು ಅವನ ಸಾಣೆ ಅಂಗಡಿಗೆ ತಂದು, ಚೊಕ್ಕ ಮಾಡಿ, ನ್ಯಾಯವಾದ ಬೆಲೆ ಕಟ್ಟಿ, ಯೋಗ್ಯರು ಯಾರಿಗಾದರೂ ಕೊಡಿಸಿ ಎಂದು ಹೇಳಿದ್ದಳು. ಕೊಳ್ಳುವವರೂ ಆಗಲೇ ಗೊತ್ತಿದ್ದರು. ಹಲ್ಲಿನ ಡಾಕ್ಟರು, ಈಗ ನಿವೃತ್ತರು, ಹಳೆಯ ಕತ್ತಿಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟು ಬಂದವರಿಗೆಲ್ಲ ತೋರಿಸುವವರು, ತಾವು ಮಾತ್ರ ಪ್ಲಾಸ್ಟಿಕ್ ಹಿಡಿಯ ಬ್ಲೇಡಿನಲ್ಲಿ ಗಡ್ಡ ಕೆರೆದುಕೊಳ್ಳುವವರು. ಎಲ್ಲ ಸಲೀಸಾಗಿತ್ತು. ಆದರೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಆಕೆ ಒಂದು ಕತ್ತಿಯನ್ನು ಬೆಳಕಿಗೆ ಹಿಡಿದು, ಇದೊಂದೇ ಯಾಕೆ ಇಷ್ಟು ಸವೆದಿದೆ ಎಂದು ಕೇಳಿದಳು. ಅದು ಸೋಮವಾರದ ಕತ್ತಿ. ಸೋಮವಾರ ರೇಷ್ಮೆಯ ಅಂಗಡಿಗೆ ರಜೆ. ವಾರವೆಲ್ಲ ದುಡಿದ ಆರು ಕತ್ತಿಗಳ ಅಲಗು ಮೈತುಂಬಿಕೊಂಡೇ ಇರುವಾಗ, ಮನೆಯಲ್ಲಿ ಮಲಗಿರಬೇಕಾಗಿದ್ದ ಕತ್ತಿ ಬಡಕಲಾಗಿ ಹೋಗಿತ್ತು. ಅವನು, ನೋಡಿ ಹೇಳ್ತೀನಿ ಎಂದ. ಆಕೆ ಅವನ ಮುಖ ನೋಡಲಿಲ್ಲ. ಕತ್ತಿಯನ್ನು ಅದರ ಜಾಗದಲ್ಲಿ ಮಲಗಿಸುತ್ತ, "ಸೋಮವಾರ ಬೆಳಿಗ್ಗೆ ಇದೊಂದನ್ನ ಬಟ್ಟೇಲಿ ಸುತ್ಕೊಂಡು ಹೋಗೋರು. ಎಲ್ಲಿಗೆ ಅಂತ ನಾನು ಯಾವತ್ತೂ ಕೇಳ್ಲಿಲ್ಲ. ಕೇಳಿದ್ರೆ ಉತ್ತರ ಬಂದ್ಬಿಡುತ್ತಲ್ಲ ಅಂತ," ಎಂದಳು. ಆಮೇಲೆ ಬಸ್ಸು ತಪ್ಪೀತೆಂದು ಹೊರಟುಹೋದಳು.

ರೇಷ್ಮೆ ಎಲ್ಲಿಗೆ ಹೋಗುತ್ತಿದ್ದ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿರುವವರಲ್ಲಿ ಬದುಕಿರುವವರು ಇಬ್ಬರೇ: ಅವನು ಮತ್ತು ಅವನ ಹೆಂಡತಿ. ಒಂದು ಮಾತು ಹೇಳಿದ್ದರೆ ಆವತ್ತೇ ಮುಗಿಯುತ್ತಿತ್ತು. ಆಕೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹೇಳಬಹುದಿತ್ತು, ಬಾಗಿಲ ಹೊರಗೆ ಓಡಿಹೋಗಿ ಹೇಳಬಹುದಿತ್ತು. ಅವನು ಮಾಡಿದ್ದೇನೆಂದರೆ, ಆಕೆ ಹೋದ ಮೇಲೆ ಆಕೆ ಕುಳಿತಿದ್ದ ಸ್ಟೂಲನ್ನು ಎತ್ತಿ ಗೋಡೆಗೆ ಇಟ್ಟದ್ದು. ಆಮೇಲೆ ವಾರವಿಡೀ ಆರು ಕತ್ತಿಗಳನ್ನು ಎಂದೂ ಮಾಡದಷ್ಟು ಶ್ರದ್ಧೆಯಿಂದ ಮಾಡಿದ. ತುಕ್ಕನ್ನು ಬೂದಿಯಲ್ಲಿ ಉಜ್ಜಿ ತೆಗೆದ, ಕೊಂಬಿನ ಹಿಡಿಗಳಿಗೆ ಎಣ್ಣೆ ಕುಡಿಸಿದ, ಸಡಿಲಾದ ಮೊಳೆಗಳನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕೂಡಿಸಿದ. ಮೆರುಗಿನ ಚಕ್ರಕ್ಕೆ ಮಾತ್ರ ಒಂದನ್ನೂ ಒಡ್ಡಲಿಲ್ಲ. ಚಕ್ರದ ಕಾವಿಗೆ ಅಲಗಿನ ತೆಳ್ಳನೆಯ ಬಾಯಿಯ ಹದ ಸುಟ್ಟುಹೋಗುತ್ತದೆ. ಕನ್ನಡಿಯಂತೆ ಹೊಳೆಯುವ ಕತ್ತಿ ಮತ್ತೆಂದೂ ಕೂದಲು ಕತ್ತರಿಸುವುದಿಲ್ಲ. ಡಾಕ್ಟರಿಗೆ ಹೊಳಪು ಇಷ್ಟ. ನಿಮ್ಮ ಕೆಲಸವೇನೋ ಚೆಂದ, ಆದರೆ ನೀವು ಬಂಗಾರವೂ ಹಿತ್ತಾಳೆ ಥರ ಕಾಣೋ ಹಾಗೆ ಮಾಡ್ತೀರಿ ಎಂದು ಅವರು ಒಮ್ಮೆ ನಾಲ್ಕು ಜನರೆದುರು ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗು ಈಗಲೂ ಮುಖದ ಮೇಲೆ ಎಲ್ಲೋ ಅಂಟಿಕೊಂಡಿದೆ ಎಂದು ಅನುಮಾನ.

ಬೆಲೆ ಕಟ್ಟುವುದನ್ನು ಅವನಿಗೆ ಕಲಿಸಿದವನು ಅಪ್ಪ. ಅಪ್ಪ ಎಂದರೆ ಈ ಮೇಜು, ಈ ಹಸಿರು ಬಟ್ಟೆ, ಈ ಕಲ್ಲುಗಳು. ಹಳೆಯ ಕತ್ತಿಗೆ ಬೆಲೆ ಎಂಬುದು ಬಾಯಿಗೆ ಬಂದದ್ದಲ್ಲ. ಮಾರುವವನ ಮುಂದೆ ಒಂದು ಮಾತು, ಕೊಳ್ಳುವವನ ಮುಂದೆ ಇನ್ನೊಂದು ಆಡುವವನು ಸಾಣೆಯವನಲ್ಲ, ತಲೆ ಬೋಳಿಸುವವನು. ಅಪ್ಪ ಒಂದು ಬೆಂಕಿಕಡ್ಡಿ ಹಿಡಿದು, ಕತ್ತಿಯಲ್ಲಿ ದೋಷ ಇದ್ದ ಕಡೆ ಅದರ ತುದಿ ಮುಟ್ಟಿಸಿ, ಇದು ಇಂಥದ್ದು, ಇಂಥದ್ದರಿಂದ ಆದದ್ದು, ಇದಕ್ಕಾಗಿ ಇಷ್ಟು ಇಳಿಯಿತು ಎಂದು ಒಡೆಯನ ಎದುರೇ ಗಟ್ಟಿಯಾಗಿ ಹೇಳುತ್ತಿದ್ದ. ತೋರಿಸಲಾಗದ ದೋಷಕ್ಕೆ ಬೆಲೆ ಇಳಿಸಬಾರದು. ತೋರಿಸಿದ ಮೇಲೆ ಇಳಿಸದೆ ಬಿಡಬಾರದು, ಅದು ಭಿಕ್ಷೆಯಾಗುತ್ತದೆ. ಕಾರಣ ಗೊತ್ತಿದ್ದೂ ಹೇಳದೆ ಇಳಿಸಿದರೆ ಅದು ಕಳ್ಳತನ. ಇಷ್ಟೇ ಶಾಸ್ತ್ರ. ಜನ ಇದನ್ನು ನೋಡುವುದಕ್ಕೆಂದೇ ಬರುತ್ತಿದ್ದರು, ತಮ್ಮ ಅಜ್ಜನ ಕತ್ತಿಯ ಮೇಲೆ ಕಡ್ಡಿ ಓಡಾಡುವುದನ್ನು ಉಸಿರು ಹಿಡಿದು ನೋಡುತ್ತಿದ್ದರು. ಅಪ್ಪನ ನಂತರ ಕಡ್ಡಿ ಅವನ ಕೈಗೆ ಬಂತು. ಊರಲ್ಲಿ ಅವನಿಗೆ ಇರುವ ಮರ್ಯಾದೆ ಏನಾದರೂ ಇದ್ದರೆ ಆ ಕಡ್ಡಿಯ ತುದಿಯಲ್ಲಿದೆ.

ಸೋಮವಾರದ ಕತ್ತಿಗೆ ಬೆಲೆ ಇಳಿಯಲೇಬೇಕು. ಒಂದು ಕತ್ತಿಗಲ್ಲ, ಇಡೀ ಪೆಟ್ಟಿಗೆಗೇ. ಏಳರ ಜೋಡಿಗೆ ಬೆಲೆ ಬರುವುದು ಏಳೂ ಸಮನಾಗಿ ಸವೆದಿದ್ದಾಗ. ಒಂದು ಸೊರಗಿದರೂ ಅಷ್ಟಕ್ಕೂ ಪೆಟ್ಟು. ಇಳಿಸಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳದೆ ಇಳಿಸಿದರೆ ಆಕೆ ಬಸ್ಸಿನಲ್ಲಿ ಕುಳಿತು, ಅದೇ ಓಣಿಗೆ, ಅದೇ ಅನುಮಾನದ ಜೊತೆ ವಾಪಸು ಹೋಗುತ್ತಾಳೆ. ಗಂಡ ಸತ್ತರೂ ಸೋಮವಾರ ಸಾಯುವುದಿಲ್ಲ. ಇನ್ನೊಂದು ದಾರಿಯೂ ಇತ್ತು. ಮೇಜಿನ ಕೆಳಗಿನ ಸೆಳೆಖಾನೆಯಲ್ಲಿ ಜೋಡಿ ಕಳೆದುಕೊಂಡ ಒಂಟಿ ಕತ್ತಿಗಳಿದ್ದವು. ಅವುಗಳಲ್ಲೊಂದು ಅದೇ ಕಾರ್ಖಾನೆಯದು, ಅದೇ ಅಗಲದ್ದು, ಬೆನ್ನಿನ ಮೇಲೆ ಶುಕ್ರವಾರ ಎಂದಿತ್ತು. ಹೆಸರನ್ನು ಉಜ್ಜಿ ಅಳಿಸಿ ಬೇರೆ ಹೆಸರು ಕೆತ್ತುವುದು ಅರ್ಧ ದಿನದ ಕೆಲಸ, ಡಾಕ್ಟರ ಕಣ್ಣಿಗೆ ಅದು ಬೀಳುವುದಿಲ್ಲ. ವಾರದ ನಡುವೆ ಒಂದು ದಿನ ಅವನು ಅದನ್ನು ಹೊರತೆಗೆದು ಸೋಮವಾರದ ಪಕ್ಕದಲ್ಲಿಟ್ಟು ನೋಡಿದ್ದ. ಹೊಂದಿಕೆಯಾಗುತ್ತಿತ್ತು. ಬೇರೆಯವರು ಮಾಡಿದ ಇಂಥ ಕೆಲಸವನ್ನು ಅವನು ಎಷ್ಟೋ ಸಲ ಕಡ್ಡಿ ಹಿಡಿದು ತೋರಿಸಿ, ಕೊಳ್ಳಬೇಡಿ ಎಂದಿದ್ದಾನೆ. ಹಾಗೆ ಹೇಳುವಾಗ ಧ್ವನಿ ಎಷ್ಟು ಖಡಾಖಂಡಿತವಾಗಿರುತ್ತಿತ್ತು ಎಂದು ನೆನೆದು ಅವನಿಗೆ ನಾಚಿಕೆಯಾಯಿತು. ಶುಕ್ರವಾರವನ್ನು ಮತ್ತೆ ಸೆಳೆಖಾನೆಯಲ್ಲಿಟ್ಟ. ಆದರೆ ಸೆಳೆಖಾನೆಗೆ ಬೀಗ ಹಾಕಲಿಲ್ಲ.

ಕಡೆಗೂ ಸೋಮವಾರವನ್ನು ಎತ್ತಿ ಕಿಟಕಿಗೆ ಹಿಡಿದ. ಗಡ್ಡದಿಂದ ಕತ್ತಿ ಸವೆಯುವುದಿಲ್ಲ, ಎಷ್ಟು ಒರಟು ಗಡ್ಡವಾದರೂ. ಸವೆಯುವುದು ಕಲ್ಲಿನಿಂದ. ಬಾಯಿ ಸವೆದಷ್ಟೂ ಬೆನ್ನಿನ ಎರಡು ಮಗ್ಗುಲೂ ಸವೆದು ಚಪ್ಪಟೆಯಾಗಿ ಮಿನುಗುತ್ತಿದ್ದವು. ಅದು ಕಲ್ಲಿನ ಗುರುತು. ಬಾಯಿಯ ಗೆರೆ ನೇರವಾಗಿರಲಿಲ್ಲ, ತುದಿಯಲ್ಲಿ ಅಗಲ ಇದ್ದು ಹಿಡಿಯ ಹತ್ತಿರ, ಬುಡದ ಕಡೆ ಒಳಕ್ಕೆ ಸರಿದಿತ್ತು. ಕತ್ತಿ ಹಿಡಿದ ಕೈ ಬುಡದ ಮೇಲೆ ಹೆಚ್ಚು ಭಾರ ಬಿಟ್ಟರೆ ಹೀಗಾಗುತ್ತದೆ. ನಿನ್ನ ಕೈ ಬುಡದ ಕಡೆ ಭಾರ ಎಂದು ಅಪ್ಪ ಅವನ ಮೀಸೆ ಮೂಡುವ ಮೊದಲಿನಿಂದ ಹೇಳಿಕೊಂಡು ಬಂದಿದ್ದ. ಅವನು ಸಾಣೆ ಹಿಡಿದ ಕತ್ತಿಯನ್ನು ಅಪ್ಪ ಮುಂಗೈಯ ಒಂದು ಕೂದಲಿಗೆ ತಾಗಿಸಿ ನೋಡಿ, ಏನೂ ಅನ್ನದೆ ತಾನೇ ಮತ್ತೊಮ್ಮೆ ಕಲ್ಲಿಗೆ ಹಾಕುತ್ತಿದ್ದ. ಬೈದಿದ್ದರೆ ಸಹಿಸಬಹುದಿತ್ತು. ಮದುವೆಯಾಗಿ ತಲೆ ನರೆತ ಮೇಲೂ, ಗಿರಾಕಿಗಳ ಎದುರೇ, ಆ ಒಂದು ಕೂದಲು, ಆ ಮೌನ, ಆಮೇಲೆ ಕಲ್ಲಿನ ಮೇಲೆ ಅಪ್ಪನ ಕೈಯ ಸದ್ದು. ಹಿತ್ತಲ ಗಿಡ ಮದ್ದಲ್ಲ ಬಿಡಿ ಎಂದು ಹೆಂಡತಿ ಸಮಾಧಾನ ಹೇಳುತ್ತಿದ್ದಳು. ಗಾದೆ ಹೇಳುವವರಿಗೆ ಸುಲಭ, ಗಿಡಕ್ಕಲ್ಲವೇ ಗೊತ್ತು.

ಅಪ್ಪನಿಗೆ ಪಾರ್ಶ್ವವಾಯು ಬಡಿದದ್ದು ಇದೇ ಕಿಟಕಿಯ ಕೆಳಗೆ. ಮೇಲಿನ ಕೋಣೆಗೆ ಸಾಗಿಸಿದರು. ಮುಖದ ಒಂದು ಮಗ್ಗುಲು ಜಾರಿತ್ತು, ಮಾತು ಹೋಗಿತ್ತು, ಆಮೇಲೆ ಒಂದೆರಡು ಮಾತು ಮಾತ್ರ ತಿರುಗಿ ಬಂದವು. ಗಡ್ಡ ಬೆಳೆಯಿತು. ದಿನವೂ ನುಣ್ಣಗೆ ಕ್ಷೌರ ಮಾಡಿಕೊಂಡು ಕೆಲಸಕ್ಕೆ ಕೂರುತ್ತಿದ್ದ ಮನುಷ್ಯ, ಗಡ್ಡದ ಬಿಳಿ ಕೂಳೆಯ ಮೇಲೆ ಸರಿಯಿರುವ ಕೈಯನ್ನು ಆಡಿಸಿ ಆಡಿಸಿ ಸಂಕಟಪಡುತ್ತಿದ್ದ. ಒಂದು ಬೆಳಿಗ್ಗೆ ಅವನು ನೀರು ಕಾಯಿಸಿ, ನೊರೆ ಹಚ್ಚಿ, ತನ್ನ ಕೈಯಾರೆ ಸಾಣೆ ಹಿಡಿದ ಕತ್ತಿಯನ್ನು ತೆರೆದ. ನೊರೆ ಹಚ್ಚುವವರೆಗೂ ಅಪ್ಪ ಕಣ್ಣು ಮುಚ್ಚಿಕೊಂಡು ಸುಖವಾಗಿದ್ದ. ಕತ್ತಿ ತೆರೆದ ಸದ್ದಿಗೆ ಕಣ್ಣು ಬಿಟ್ಟ. ಬೆಂಕಿಗೆ ಕೈ ಚಾಚಿದ ಮಗುವನ್ನು ಹಿಡಿಯುವ ಹಾಗೆ ಅವನ ಮಣಿಕಟ್ಟು ಹಿಡಿದ. ಹಿಡಿತದಲ್ಲಿ ಬಲವೇನೂ ಇರಲಿಲ್ಲ, ಬಿಡಿಸಿಕೊಳ್ಳಬಹುದಿತ್ತು. ಕಣ್ಣಲ್ಲಿ ಇದ್ದದ್ದು ಸಿಟ್ಟೂ ಅಲ್ಲ, ಹೆದರಿಕೆ. ಅವನು ಒದ್ದೆ ಬಟ್ಟೆಯಿಂದ ನೊರೆ ಒರೆಸಿ ಕೆಳಗಿಳಿದು ಬಂದ. ಮೆಟ್ಟಿಲ ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಹಗುರಾಯಿತು, ಇನ್ನು ಅಪ್ಪನ ಮುಖ ಮುಟ್ಟಬೇಕಾಗಿಲ್ಲ ಎಂದು. ಆ ಹಗುರವನ್ನು ಅವನು ತನಗೆ ತಾನೇ ಎಂದೂ ಕ್ಷಮಿಸಿಲ್ಲ.

ರೇಷ್ಮೆಯ ಅಂಗಡಿಗೆ ಹೋಗಿ ಕೇಳಿಕೊಂಡವನು ಅವನೇ. ರೇಷ್ಮೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಸೋಮವಾರ ಬರ್ತೀನಿ ಎಂದ. ಕೂಲಿಯ ಮಾತೆತ್ತಿದರೆ, ರಜೆ ದಿನ ದುಡ್ಡು ಮುಟ್ಟಿದರೆ ರಜೆ ಕೆಟ್ಟುಹೋಗುತ್ತೆ ಎಂದು ನಕ್ಕ. ಪೆಟ್ಟಿಗೆಯಿಂದ ಸೋಮವಾರದ ಕತ್ತಿ ತೆಗೆದು, ಇದು ಇನ್ನೂ ಯಾರ ಗಡ್ಡವನ್ನೂ ಮುಟ್ಟಿಲ್ಲ, ದೊಡ್ಡವರಿಗೇ ಇರಲಿ, ಸಾಣೆ ಮಾತ್ರ ನೀವೇ ಹಿಡಿದುಕೊಡಿ ಎಂದ. ಹೊರಡುವಾಗ ಅವನು ಬಾಗಿಲಲ್ಲಿ ನಿಂತು, ಯಾರಿಗೂ ಹೇಳಬೇಡಿ ಎಂದಿದ್ದ. ಊರಿಗೆಲ್ಲ ಕತ್ತಿ ಮಸೆದುಕೊಡುವವನ ಅಪ್ಪನಿಗೆ ಮಗನ ಕೈ ಒಗ್ಗದು ಎಂದರೆ ಅಂಗಡಿ ಮುಚ್ಚಬೇಕಾದೀತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, ಮನೆಯಲ್ಲೂ ಹೇಳಬೇಡಿ ಎಂದೂ ಸೇರಿಸಿದ. ಅದನ್ನು ಯಾಕೆ ಸೇರಿಸಿದನೋ. ಹೆಂಗಸರ ಬಾಯಿ ಎಂದೇನೋ ಒಂದು ಹಗುರ ಮಾತನ್ನೂ ಆಡಿದ್ದ ಹಾಗೆ ನೆನಪು. ನನ್ನ ಬಾಯಿ ಕುರ್ಚಿ ಹತ್ತಿರ ಮಾತ್ರ ತೆರೆಯೋದು, ಮನೇಲಿ ಅದಕ್ಕೂ ರಜೆ ಎಂದು ರೇಷ್ಮೆ ಸೋಪಿನ ಬಟ್ಟಲು ತೊಳೆಯುತ್ತ ಹೇಳಿದ.

ಮೊದಲ ಸೋಮವಾರ ಅವನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ. ಬ್ರಷ್ಷಿನ ಸದ್ದು, ಕತ್ತಿಯ ಸಣ್ಣ ಕೆರೆತ, ನೀರು. ಆಮೇಲೆ ಏನೂ ಇಲ್ಲ. ಅಪ್ಪ ಗಲ್ಲದ ಮೇಲೆ ಅಂಗೈ ಆಡಿಸಿ ನೋಡುತ್ತಿರಬೇಕು. ಆಮೇಲೆ ಆ ಅರ್ಧ ಬಾಯಿಯಿಂದ ಒಂದು ಮಾತು ಬಂತು: "ಸರಿ." ಜೀವಮಾನದಲ್ಲಿ ಅವನ ಸಾಣೆಗೆ ಅಪ್ಪ ಆಡದ ಮಾತು. ಅದು ರೇಷ್ಮೆಯ ಕೈಗೆ ಹೇಳಿದ್ದೇ ಇರಬಹುದು. ಆದರೆ ಕತ್ತಿಗೆ ಬಾಯಿ ಕೊಟ್ಟದ್ದು ಅವನು. ಅಲ್ಲಿಂದ ಪ್ರತಿ ಭಾನುವಾರ ಸಂಜೆ ರೇಷ್ಮೆ ಕತ್ತಿ ತಂದು, ವಾಪಸು ಒಯ್ಯಲು ಕಾದು ಕೂತರೆ ಅವನು ಅದನ್ನು ಕಲ್ಲಿಗೆ ಹಾಕಿದ. ಹಾಕಬೇಕಾಗಿರಲಿಲ್ಲ. ವಾರಕ್ಕೊಂದು ಗಡ್ಡ ಮಾಡುವ ಕತ್ತಿಗೆ ತೊಗಲ ಪಟ್ಟಿಯ ಮೇಲೆ ನಾಲ್ಕು ಎಳೆತ ಸಾಕು, ಕಲ್ಲು ಬೇಕಾಗುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಇದನ್ನು ಅವನು ಬಂದವರಿಗೆಲ್ಲ ಬುದ್ಧಿ ಹೇಳುತ್ತಾನೆ, ಕಲ್ಲಿನ ಚಪಲ ಒಳ್ಳೆಯದಲ್ಲ ಎಂದು. ಆದರೂ ಹಾಕಿದ. ಹೋದ ವಾರ ಸರಿ ಎಂದದ್ದು ಈ ವಾರ ಅನ್ನದಿದ್ದರೆ ಎಂಬ ಭಯ. ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತ, ಬುಡದ ಮೇಲೆ ಭಾರ ಬಿಡುತ್ತ, ವರ್ಷಗಟ್ಟಲೆ ಅವನು ಆ ಕತ್ತಿಯನ್ನು ತಿಂದು ಹಾಕಿದ. ಅಪ್ಪನ ಮೈಯನ್ನು ಅವನು ಮುಟ್ಟಿದ್ದೆಂದರೆ ಅಷ್ಟೇ, ಕತ್ತಿಯ ಈ ಕಡೆಯಿಂದ. ರೇಷ್ಮೆಗೆ ಗೊತ್ತಾಗದೆ ಇರುತ್ತದೆಯೇ, ಕೈಯಲ್ಲಿ ಹಿಡಿಯುವವನಿಗೆ? ಒಂದು ದಿನವೂ ಬಾಯಿ ಬಿಡಲಿಲ್ಲ.

ಊಟಕ್ಕೆ ಕರೆದ ಹೆಂಡತಿ ಅವನ ಮುಖ ನೋಡಿಯೇ, ಇನ್ನೂ ಹೇಳೋ ಮನಸ್ಸು ಮಾಡಿಲ್ಲ ಅಲ್ವಾ ಎಂದು ಕೇಳಿದಳು. ಅವನು ತಟ್ಟೆಯಲ್ಲಿದ್ದುದನ್ನು ಅತ್ತಿತ್ತ ಸರಿಸಿ, ಒಂದು ಉಪಾಯ ಹೊಳೆದಿದೆ ಎಂದ. ಇಳಿಸುವುದೇ ಬೇಡ. ಸವೆತ ಇಲ್ಲದಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನೂ ಆಕೆಗೆ ಕೊಟ್ಟುಬಿಡುವುದು. ಡಾಕ್ಟರು ಕಡಿಮೆ ಕೊಡುತ್ತಾರೆ, ಉಳಿದದ್ದನ್ನು ತಾನು ತುಂಬುವುದು. ಆಕೆಗೂ ಒಳ್ಳೆಯದು, ಇಳಿಸದಿದ್ದರೆ ಕಾರಣ ಹೇಳುವ ಪ್ರಸಂಗವೂ ಬರುವುದಿಲ್ಲ. ಹೇಳುತ್ತಿದ್ದಂತೆ ಅವನಿಗೆ ತನ್ನ ಮೇಲೆ ಒಂದಿಷ್ಟು ಮೆಚ್ಚುಗೆಯೂ ಹುಟ್ಟಿತು. ಹೆಂಡತಿ ಲೋಟಕ್ಕೆ ನೀರು ಹಾಕಿ, "ದಾನ ಮಾಡಿ ಬಾಯಿ ಮುಚ್ಚಿಸ್ತೀರಿ ಅನ್ನಿ. ಯಾರ ಬಾಯಿ? ನಿಮ್ಮದೇ," ಎಂದಳು. ಅವನಿಗೆ ಸಿಟ್ಟು ಬಂತು, ಮೇಜಿನಿಂದ ಎದ್ದು ಕೈ ತೊಳೆದುಕೊಂಡ. ಸಿಟ್ಟು ಬರಲು ಕಾರಣ ಏನೆಂದರೆ ಅದು ನಿಜವಾಗಿತ್ತು.

ರೇಷ್ಮೆಯ ಹೆಂಡತಿ ಬಂದಾಗ ಬಿಸಿಲು ಮೇಜಿನ ಕಾಲು ಮುಟ್ಟಿತ್ತು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಳು. ಸಾಲಾಗಿ ಚೊಕ್ಕವಾಗಿ ಮಲಗಿದ್ದ ಕತ್ತಿಗಳನ್ನು ನೋಡಿ, ಅವರು ಇದ್ದಾಗ ಇಷ್ಟು ಚೆಂದ ಇರಲಿಲ್ಲ ಇವು ಎಂದಳು, ಹೊಗಳಿಕೆಯೋ ದೂರೋ ತಿಳಿಯುವಂತಿರಲಿಲ್ಲ. ಅವನು ಬೆಂಕಿಕಡ್ಡಿ ತೆಗೆದುಕೊಂಡ. ಮಂಗಳವಾರದಿಂದ ಶುರುಮಾಡಿದ. ಅದಕ್ಕೂ ಬುಧವಾರಕ್ಕೂ ಏನೂ ಇಲ್ಲ. ಗುರುವಾರದ ಬೆನ್ನಿನ ಹತ್ತಿರ ತುಕ್ಕು ತಿಂದ ಚುಕ್ಕೆ, ಬಾಯಿಯಿಂದ ದೂರ, ಕ್ಷೌರಕ್ಕೆ ಅಡ್ಡಿಯಿಲ್ಲ, ಇಳಿಸಬೇಕಾಗಿಲ್ಲ. ಶುಕ್ರವಾರ, ಶನಿವಾರ ಚೊಕ್ಕ. ಭಾನುವಾರದ ಹಿಡಿಯಲ್ಲಿ ಮೊಳೆಯ ಬಳಿ ಕೂದಲೆಳೆಯ ಬಿರುಕು, ಒಮ್ಮೆ ಕೆಳಗೆ ಬಿದ್ದಿರಬೇಕು. ಹೌದು, ನಾನೇ ಬೀಳಿಸಿದ್ದು, ಗುಡಿಸುವಾಗ ಎಂದು ಆಕೆ ಒಪ್ಪಿಕೊಂಡಳು, ಸ್ವಲ್ಪ ಇಳಿಯಿತು. ಕಡ್ಡಿ ಭಾನುವಾರದ ತುದಿಯಲ್ಲಿ ನಿಂತಿತು. ಅವನು ಅದನ್ನು ಬಟ್ಟೆಯ ಮೇಲಿಟ್ಟು, ಒಟ್ಟು ಬೆಲೆ ಹೇಳಿದ. ಒಳ್ಳೆಯ ಬೆಲೆ. ಸೋಮವಾರದ್ದು? ಎಂದಳು ಆಕೆ. ಅದೂ ಇದರಲ್ಲೇ ಬಂತು ಎಂದ ಅವನು. ತನ್ನ ಧ್ವನಿ ಬಟ್ಟೆ ಅಂಗಡಿಯವನ ಹಾಗೆ ನಯವಾಗಿ ಕೇಳಿಸಿತು.

"ಕಡಿಮೆ ಕೊಟ್ಟು ತಲೆ ಬೋಳಿಸೋರನ್ನ ಕಂಡಿದ್ದೀನಿ," ಎಂದಳು ಆಕೆ. "ಜಾಸ್ತಿ ಕೊಟ್ಟು ಬೋಳಿಸೋರನ್ನ ಇವತ್ತೇ ನೋಡ್ತಿರೋದು. ನಾನೂ ಕ್ಷೌರಿಕನ ಹೆಂಡತೀನೇ."

ಅವನು ಏನೋ ಹೇಳಹೊರಟ. ಆಕೆ ಬಾಗಿ ಸೋಮವಾರದ ಕತ್ತಿಯನ್ನು ಎತ್ತಿಕೊಂಡಳು, ಹಿಡಿಯುವುದು ಗೊತ್ತಿದ್ದ ಕೈ. ಬಾಯಿಯನ್ನಲ್ಲ, ಬೆನ್ನನ್ನು ಬೆರಳಿಂದ ಸವರಿದಳು. "ಗಡ್ಡಕ್ಕೆ ಕತ್ತಿ ಸವೆಯಲ್ಲ, ಕಲ್ಲಿಗೆ ಸವೆಯುತ್ತೆ. ಅವರು ಕಲ್ಲು ಮುಟ್ತಿರಲಿಲ್ಲ, ಎಲ್ಲ ನಿಮ್ಮ ಹತ್ರಾನೇ ತರ್ತಿದ್ರು. ಇದನ್ನ ಸವೆಸಿದ ಕೈಗೆ ಗೊತ್ತಿರುತ್ತೆ ಅಂತಲೇ ಇಲ್ಲಿಗೆ ತಂದಿದ್ದು. ಬೆಲೆ ಕಟ್ಟೋಕೆ ಬೇರೆ ಜನ ಇರಲಿಲ್ವಾ?" ಕತ್ತಿಯ ಬೆನ್ನನ್ನು ಅವನ ಕಡೆ ತಿರುಗಿಸಿದಳು. "ಎಲ್ಲಿಗೆ ಹೋಗ್ತಿದ್ರು?"

ಬೀದಿಯಲ್ಲಿ ಯಾರೋ ಗಾಡಿಗೆ ಏನನ್ನೋ ಎತ್ತಿ ಹಾಕುತ್ತಿದ್ದರು. ಒಳಗೆ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಅವನಿಗೆ ಕೇಳಿಸಿತು. ಈಗಲೂ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದು ಎಂದು ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಲೇ ಇತ್ತು, ಆಸ್ಪತ್ರೆ ಎನ್ನಬಹುದು, ಅನಾಥಾಶ್ರಮ ಎನ್ನಬಹುದು, ರೇಷ್ಮೆಗೆ ಇನ್ನಷ್ಟು ಪುಣ್ಯವೇ ಬರುತ್ತದೆ. ಆ ಮೂಲೆಯ ಜೊತೆ ವಾದಿಸಿ ವಾದಿಸಿ ಅವನಿಗೆ ಸಾಕಾಗಿತ್ತು. ಧೈರ್ಯ ಬಂತು ಎಂದಲ್ಲ, ದಣಿವು ಗೆದ್ದಿತು.

"ಇಲ್ಲಿಗೆ," ಎಂದ.

"ಇಲ್ಲಿಗೆ ಅಂದ್ರೆ?"

"ಮೇಲಕ್ಕೆ. ನಮ್ಮಪ್ಪನಿಗೆ ಗಡ್ಡ ಮಾಡೋಕೆ. ನನ್ನ ಕೈಲಿ ಮಾಡಿಸ್ಕೊಳ್ತಿರಲಿಲ್ಲ ಅವರು, ಹೆದರ್ತಿದ್ರು. ಯಾರಿಗೂ ಹೇಳ್ಬೇಡಿ ಅಂದಿದ್ದೆ. ಮನೇಲೂ ಹೇಳ್ಬೇಡಿ ಅಂತ ನಾನೇ ಅಂದಿದ್ದು."

ಆಕೆ ತಲೆ ಎತ್ತಿ ಛಾವಣಿಯನ್ನು ನೋಡಿದಳು, ಈಗಲೂ ಅಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ. ಆಮೇಲೆ ಮೆಟ್ಟಿಲನ್ನು ನೋಡಿದಳು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ, ಅಳುವಿಗೂ ಸಿದ್ಧನಾಗಿದ್ದ. ಆಕೆ ಕತ್ತಿಯನ್ನು ಮಡಿಸಿ, ಮತ್ತೆ ತೆರೆದು, ಬಟ್ಟೆಯ ಮೇಲೆ ಮೊದಲಿದ್ದ ಹಾಗೆಯೇ ಇಟ್ಟಳು.

"ಒಂದು ಸೋಮವಾರ ಅವರು ಹೋಗ್ಲಿಲ್ಲ. ಮುಖ ಸಣ್ಣಗೆ ಮಾಡ್ಕೊಂಡು ಮನೇಲೇ ಕೂತಿದ್ರು. ಅವಳು ಸತ್ತಳು ಅಂದ್ಕೊಂಡೆ ನಾನು. ಹಾಲು ಕುಡಿದಷ್ಟು ಸಂತೋಷ ಆಗಿತ್ತು," ಎಂದಳು. "ಸತ್ತಿದ್ದು ನಿಮ್ಮಪ್ಪ."

ಅವನು ಹೌದೆಂದು ತಲೆಯಾಡಿಸಿದ. ಶವದ ಮುಖಕ್ಕೆ ಕೊನೆಯ ಕ್ಷೌರ ಮಾಡಿದವನೂ ರೇಷ್ಮೆಯೇ, ಆ ಸೋಮವಾರದ ಹಿಂದಿನ ದಿನ, ಭಾನುವಾರವೇ ಬಂದು.

"ಸೋಮವಾರ ಸೋಮವಾರ ಅಡುಗೆಗೆ ಉಪ್ಪು ಹಾಕ್ತಿರಲಿಲ್ಲ ನಾನು. ಬೇಕಂತಲೇ. ಅವರೂ ಒಂದು ದಿನ ಉಪ್ಪು ಕೇಳ್ಲಿಲ್ಲ. ತಪ್ಪು ಮಾಡಿದ್ದಕ್ಕೇ ಬಾಯಿ ಮುಚ್ಕೊಂಡು ತಿಂತಾರೆ ಅಂದ್ಕೊಂಡಿದ್ದೆ." ಆಕೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ಹೊತ್ತು ತಂದ ಸಾಮಾನನ್ನು ಇಳಿಸಿ, ಇದನ್ನು ಹೊರಬೇಕಾಗಿಯೇ ಇರಲಿಲ್ಲ ಎಂದು ಆಗ ತಿಳಿದವರ ಧ್ವನಿ ಅದು. ಅವನಿಗೆ ಏನಾದರೂ ಕೊಡಬೇಕು ಎನ್ನಿಸಿತು, ಕೊಡುವಂಥದ್ದು ಏನೂ ಇರಲಿಲ್ಲ. ಹೇಳಿದ ಬೆಲೆ ಅಷ್ಟೇ ಇರಲಿ ಅಕ್ಕಾ, ಇಳಿಸುವುದು ಬೇಡ ಎಂದು ತೊದಲಿದ.

ಆಕೆ ಚೀಲದ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಭಾನುವಾರದ್ದಕ್ಕೆ ಇಳಿಸಿದ್ರಿ, ಬೀಳಿಸಿದ್ದು ನಾನು ಅಂತ ಹೇಳಿಸಿ. ಇದಕ್ಕೂ ಇಳಿಸಿ. ಕಡ್ಡಿ ತಗೊಳ್ಳಿ."

ಅವನು ಕಡ್ಡಿ ತೆಗೆದುಕೊಂಡ. ಅದರ ತುದಿಯನ್ನು ಸೋಮವಾರದ ಬುಡಕ್ಕೆ, ಗೆರೆ ಒಳಕ್ಕೆ ಸರಿದ ಕಡೆಗೆ ಮುಟ್ಟಿಸಿದ.

"ಇಲ್ಲಿ," ಎಂದ. "ಬುಡದಲ್ಲಿ. ಸಾಣೆ ಹಿಡಿದ ಕೈ ಭಾರ ಬಿದ್ದಿದೆ. ಬೇಡದಿದ್ದಾಗಲೂ ಹಿಡಿದದ್ದರಿಂದ ಆದದ್ದು."

"ಯಾರ ಕೈ?"

"ನನ್ನದು."

"ಎಷ್ಟು ಇಳೀತು?"

ಏಳರ ಜೋಡಿ, ಒಂದು ಸೊರಗಿದ್ದು. ಬಾಯಿಯ ಅಗಲ ಉಳಿದಿರುವುದು ಇಷ್ಟು, ಬೆನ್ನು ಸವೆದಿರುವುದು ಇಷ್ಟು. ಲೆಕ್ಕ ತನ್ನಷ್ಟಕ್ಕೆ ತಾನೇ ಬಂದು ನಾಲಗೆಯ ಮೇಲೆ ಕೂತಿತು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಡಾಕ್ಟರ ಎದುರಾಗಲಿ, ಅಪ್ಪನ ಎದುರಾಗಲಿ ಇದನ್ನೇ ಹೇಳಬೇಕಾಗಿತ್ತು.

"ಕಾಲು ಭಾಗ," ಎಂದ.

ಆಕೆ ಆ ಕತ್ತಿಯನ್ನು ಇನ್ನೊಮ್ಮೆ ನೋಡಿದಳು, ಅವನು ತೋರಿಸಿದ ಜಾಗವನ್ನು ಬಾಗಿ ಹತ್ತಿರದಿಂದ ನೋಡಿದಳು. ಅಂಗೈಯಿಂದ ತನ್ನ ಗಲ್ಲವನ್ನು ಒಮ್ಮೆ ಒರೆಸಿಕೊಂಡಳು. ಆ ಮೊದಲ ಸೋಮವಾರ ಮೆಟ್ಟಿಲ ಮೇಲೆ ನಿಂತಿದ್ದ ಹಾಗೆಯೇ ಅವನು ಕಿವಿಗೊಟ್ಟಿದ್ದ.

"ಸರಿ," ಎಂದಳು.

ಕಡ್ಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅದನ್ನು ಹಿಡಿದುಕೊಂಡೇ ಕುಳಿತಿದ್ದ.